ವೈನ್ ಸಾಮಗ್ರಿ: ಯಾವುದಕ್ಕೆ ಫ್ರಿಜ್, ಯಾವುದಕ್ಕೆ ಕಪಾಟು?

ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ತೋಟಗಳಿಂದ ಬೆಂಗಳೂರು ನೀಲಿ ದ್ರಾಕ್ಷಿ ಅಗ್ಗವಾಗಿ ಸಿಗುವ ದಿನಕ್ಕೂ ಕ್ರಿಸ್‌ಮಸ್ ವೈನಿಗೆಂದು ಭರಣಿ ತೊಳೆದಿಡುವ ದಿನಕ್ಕೂ ತಾಳೆಯಾಗುವುದು ಅಪರೂಪ. ಹಾಗಾಗಿ ಮನೆಯಲ್ಲಿ ವೈನ್ ಮಾಡುವವರು ಹಣ್ಣು, ಯೀಸ್ಟ್, ಪುಡಿಗಳನ್ನು ಸಿಕ್ಕಾಗ ಕೊಂಡು, ಎಲ್ಲವನ್ನೂ ಒಂದೇ ಕಡೆ ಇಟ್ಟುಬಿಡುವುದುಂಟು. ಆದರೆ ಇವುಗಳಲ್ಲಿ ಒಂದಕ್ಕೆ ಜೀವವಿದೆ, ಇನ್ನೊಂದಕ್ಕೆ ಗಾಳಿ ತಾಗಿದರೆ ಆಗದು, ಮತ್ತೆ ಕೆಲವು ವರ್ಷಗಟ್ಟಲೆ ಹಾಗೇ ಇರುತ್ತವೆ.

ಜೀವವಿರುವುದು ಯೀಸ್ಟಿಗೆ. ಪೊಟ್ಟಣದೊಳಗಿನ ಕಂದು ಕಾಳುಗಳು ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂಬ ಶಿಲೀಂಧ್ರದ ಕೋಶಗಳು. ಒಣಗಿಸುವಾಗ ಅವುಗಳಲ್ಲಿ ಉಳಿಯುವ ನೀರು ಶೇಕಡಾ 5ರಿಂದ 8 ಮಾತ್ರ. ಆದರೂ ಅವು ಸಾಯದಿರಲು ಒಂದು ಮುಖ್ಯ ಕಾರಣ ಟ್ರಿಹಲೋಸ್ ಎಂಬ ಸಕ್ಕರೆ. ಕೋಶದ ಪೊರೆಯಲ್ಲಿ ನೀರು ಬಿಟ್ಟುಹೋದ ಜಾಗದಲ್ಲಿ ಅದು ಕುಳಿತು, ಪೊರೆ ಹರಿಯದಂತೆ ಹಿಡಿದಿಡುತ್ತದೆ. ಸೆಖೆ ಮತ್ತು ತೇವ ಈ ರಕ್ಷಣೆಯನ್ನು ನಿಧಾನವಾಗಿ ಮುರಿಯುತ್ತವೆ. ಆದ್ದರಿಂದ ಯೀಸ್ಟಿನ ಜಾಗ ಫ್ರಿಜ್, 4 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹೊರತೆಗೆದ ಕೂಡಲೇ ಪೊಟ್ಟಣ ಕತ್ತರಿಸಬಾರದು. ತಣ್ಣಗಿರುವ ಕಾಳುಗಳ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಕೋಣೆಯ ಶಾಖಕ್ಕೆ ಬಂದ ಮೇಲೆ ತೆರೆದು, 35ರಿಂದ 40 ಡಿಗ್ರಿಯ ಬೆಚ್ಚಗಿನ ನೀರಿಗೆ ಹಾಕಬೇಕು. ತಣ್ಣೀರಿಗೆ ಹಾಕಿದರೆ ಪೊರೆ ಸರಿಯಾಗಿ ಕೂಡಿಕೊಳ್ಳುವ ಮೊದಲೇ ಕೋಶದೊಳಗಿನ ಸಾರ ಸೋರಿಹೋಗುತ್ತದೆ.

ಯೀಸ್ಟ್ ಸತ್ತಿದ್ದರೆ ಕನಿಷ್ಠ ಗೊತ್ತಾಗುತ್ತದೆ: ಚಿಟಿಕೆ ಸಕ್ಕರೆ ಹಾಕಿದ ಬೆಚ್ಚಗಿನ ನೀರಿನಲ್ಲಿ ಅದು ನೊರೆಯುವುದಿಲ್ಲ. ನನ್ನ ಮಟ್ಟಿಗೆ ಹೆಚ್ಚು ಎಚ್ಚರ ಬೇಕಾದದ್ದು ಸೋತರೂ ಸುಳಿವು ಕೊಡದ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ವಿಷಯದಲ್ಲಿ. ಕಾಡು ಯೀಸ್ಟು, ಬ್ಯಾಕ್ಟೀರಿಯಾಗಳನ್ನು ತಡೆಯುವ ಈ ಬಿಳಿ ಪುಡಿಯ ತೂಕದಲ್ಲಿ ಸುಮಾರು ಶೇಕಡಾ 57ರಷ್ಟು ಗಂಧಕದ ಡೈಆಕ್ಸೈಡ್ ಆಗಿ ಹೊರಬರಬಲ್ಲದು. ಡಬ್ಬಿ ತೆರೆದಾಗ ಮೂಗಿಗೆ ಬಡಿಯುವ ಬೆಂಕಿಕಡ್ಡಿ ಗೀರಿದಂಥ ಘಾಟು ಅದೇ ಅನಿಲ. ಅಂದರೆ ನಾವು ದುಡ್ಡು ಕೊಟ್ಟು ಕೊಂಡದ್ದೇ ಗಾಳಿಗೆ ಹೋಗುತ್ತಿದೆ. ಉಳಿದ ಪುಡಿಯೂ ತೇವ ಮತ್ತು ಆಮ್ಲಜನಕ ಸೇರಿ ಮೆಲ್ಲಗೆ ಸಲ್ಫೇಟ್ ಆಗುತ್ತದೆ. ಅದೂ ಬಿಳಿ ಪುಡಿಯೇ, ಅದೂ ನೀರಿನಲ್ಲಿ ಕರಗುತ್ತದೆ. ಆದರೆ ಸೂಕ್ಷ್ಮಾಣುಗಳಿಗೆ ಅದರ ಲೆಕ್ಕವಿಲ್ಲ. ಹತ್ತು ಲೀಟರ್ ರಸಕ್ಕೆ ಲೀಟರಿಗೆ 50 ಮಿಲಿಗ್ರಾಂನಂತೆ ಅನಿಲ ಸಿಗಲು ಸುಮಾರು 0.9 ಗ್ರಾಂ ಹೊಸ ಪುಡಿ ಸಾಕು. ಹಳೆಯದು ಅರ್ಧ ಸೋತಿದ್ದರೆ, ಅಷ್ಟೇ ತೂಗಿ ಹಾಕಿದರೂ ರಸಕ್ಕೆ ಸಿಗುವುದು ಅರ್ಧವೇ. ಗಾಜಿನ ಬಾಟಲಿ, ಬಿಗಿಯಾದ ಪ್ಲಾಸ್ಟಿಕ್ ಮುಚ್ಚಳ, ಮೇಲೆ ತೆರೆದ ದಿನಾಂಕ ಬರೆದ ಚೀಟಿ ಇರಲಿ. ಲೋಹದ ಮುಚ್ಚಳವನ್ನು ಈ ಅನಿಲ ತಿಂದುಹಾಕುತ್ತದೆ. ತೆರೆದು ವರ್ಷವಾದ ಪುಡಿಯನ್ನು ವೈನಿಗೆ ನಂಬುವುದು ಬೇಡ. ನೀರಿನಲ್ಲಿ ಕರಗಿಸಿಟ್ಟ ದ್ರಾವಣ ಇನ್ನೂ ಬೇಗ ಸೋಲುತ್ತದೆ. ಯೀಸ್ಟ್ ಇರುವ ಡಬ್ಬಿಯಲ್ಲಾಗಲಿ, ಹುಳಿಪುಡಿಗಳ ಮಗ್ಗುಲಲ್ಲಾಗಲಿ ಇದನ್ನು ಇಡಬಾರದು. ಆಮ್ಲವೂ ತೇವವೂ ಸೇರಿದರೆ ಅನಿಲ ಒಮ್ಮೆಲೇ ಹೊರಬರುತ್ತದೆ. ಆಸ್ತಮಾ ಇರುವವರಿಗೆ ಅದು ಅಪಾಯಕಾರಿ.

ಸಕ್ಕರೆ, ಟಾರ್ಟಾರಿಕ್ ಆಮ್ಲ, ಅಡುಗೆಮನೆಯ ನಿಂಬೆ ಉಪ್ಪು ಒಣಗಿದ್ದಷ್ಟು ದಿನ ಕೆಡವು. ಗಂಟು ಕಟ್ಟಿದರೆ ಕುಟ್ಟಿಕೊಂಡರಾಯಿತು. ವೈನ್ ತಿಳಿಗೊಳಿಸುವ ಬೆಂಟೊನೈಟ್ ಜೇಡಿ ಪಕ್ಕದಲ್ಲಿರುವುದರ ವಾಸನೆಯನ್ನು ಹೀರುತ್ತದೆ, ಮಸಾಲೆ ಡಬ್ಬಿಗಳಿಂದ ದೂರವಿರಲಿ. ಪೆಕ್ಟಿನ್ ಒಡೆಯುವ ಕಿಣ್ವ ಪ್ರೋಟೀನ್ ಆದ್ದರಿಂದ ಅದಕ್ಕೂ ಫ್ರಿಜ್ ಬೇಕು.

ಇನ್ನು ಹಣ್ಣು. ಮಾವಿನಂತೆ ದ್ರಾಕ್ಷಿ ಕಿತ್ತ ಮೇಲೆ ಮಾಗುವುದಿಲ್ಲ, ಹಾಗಾಗಿ ಕಾಯುವುದರಿಂದ ಲಾಭವಿಲ್ಲ. ತೊಟ್ಟು ಬಿಡಿಸಿ, ಕೊಳೆತದ್ದನ್ನು ತೆಗೆದು, ಮೈನಸ್ 18 ಡಿಗ್ರಿಯ ಫ್ರೀಜರಿಗೆ ಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಹೆಪ್ಪುಗಟ್ಟಿದ ನೀರಿನ ಹರಳುಗಳು ಸಿಪ್ಪೆಯ ಕೋಶಗಳನ್ನು ಸೀಳುವುದರಿಂದ ಬಣ್ಣ ಮತ್ತು ರಸ ಸಲೀಸಾಗಿ ಬಿಡುತ್ತವೆ. ಆದರೆ ಕೋಶ ಸೀಳಿದಾಗ ಹಣ್ಣನ್ನು ಕಂದಾಗಿಸುವ ಕಿಣ್ವವೂ ಹೊರಬೀಳುತ್ತದೆ. ಚಳಿಗೆ ಅದು ಸಾಯುವುದಿಲ್ಲ, ಕಾಡು ಯೀಸ್ಟೂ ಪೂರ್ತಿ ಸಾಯುವುದಿಲ್ಲ. ಆದ್ದರಿಂದ ಹಣ್ಣು ಕರಗತೊಡಗಿದಾಗಲೇ ಸಲ್ಫೈಟ್ ಹಾಕಬೇಕು. ಚಳಿಯಲ್ಲಿ ಟಾರ್ಟಾರಿಕ್ ಆಮ್ಲದ ಒಂದು ಪಾಲು ಲವಣವಾಗಿ ತಳ ಸೇರಿರುತ್ತದೆ, ಹಾಗಾಗಿ ಹುಳಿಯ ಅಳತೆ ಹಣ್ಣು ಪೂರ್ತಿ ಕರಗಿದ ಮೇಲೆಯೇ. ಯೀಸ್ಟ್ ಹಾಕುವುದು ಮರುದಿನ, ಸಲ್ಫೈಟಿನ ಘಾಟು ಇಳಿದ ಮೇಲೆ.