ಮಗುವಿನ ಮಿದುಳೂ ಮನೆಮಾತೂ

ಸುಳ್ಯ ತಾಲೂಕಿನ ಆಲೆಟ್ಟಿ ನನ್ನ ಊರು. ಕೇರಳದ ಗಡಿಗೆ ತಾಗಿಕೊಂಡಿರುವ ಈ ಗ್ರಾಮದಲ್ಲಿ ಒಂದೇ ಮಾತಿನಿಂದ ದಿನ ಕಳೆಯುವವರು ವಿರಳ. ಗೌಡರ ಮನೆಗಳಲ್ಲಿ ಅರೆಭಾಷೆ, ತೋಟದಲ್ಲಿಯೂ ಪೇಟೆಯಲ್ಲಿಯೂ ತುಳು, ಶಾಲೆಯಲ್ಲಿ ಕನ್ನಡ. ಗಡಿಯಾಚೆಯವರು ಬಂದರೆ ಮಲಯಾಳ. ಐದು ವರ್ಷದ ಮಗು ಇವುಗಳಲ್ಲಿ ಎರಡು ಮೂರನ್ನಾದರೂ ಆಡುತ್ತದೆ. ಅದಕ್ಕೆ ಯಾರೂ ವ್ಯಾಕರಣವನ್ನು ಬೋಧಿಸಿದ್ದಿಲ್ಲ. ಇದು ಹೇಗೆ ಸಾಧ್ಯ? ಇಷ್ಟು ಭಾಷೆಗಳ ಭಾರದಿಂದ ಎಳೆಯ ಮಿದುಳು ಬಳಲುವುದಿಲ್ಲವೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಮಾತಿಗೂ ಮಿದುಳಿಗೂ ಇರುವ ಸಂಬಂಧದ ಸುಳಿವು ಮೊದಲು ದೊರೆತದ್ದು ರೋಗಿಗಳಿಂದ. ಪರರ ಮಾತನ್ನು ಬಹುಮಟ್ಟಿಗೆ ತಿಳಿಯುತ್ತಿದ್ದರೂ ತಾನು ಮಾತ್ರ 'ಟಾನ್' ಎಂಬುದೊಂದನ್ನೇ ಉಲಿಯುತ್ತಿದ್ದ ರೋಗಿಯ ಮಿದುಳನ್ನು, ಅವನು ತೀರಿಕೊಂಡ ಮೇಲೆ, 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದನು. ಎಡಭಾಗದ ಮುಂದಿನ ಪ್ರದೇಶವು ಕೆಟ್ಟಿತ್ತು. ಎಡಗಡೆಯಲ್ಲೇ ಕೊಂಚ ಹಿಂದಿನ ಪ್ರದೇಶಕ್ಕೆ ಪೆಟ್ಟಾದವರು ಸರಾಗವಾಗಿ ನುಡಿದರೂ ಇತರರ ಮಾತನ್ನು ಗ್ರಹಿಸಲಾರರೆಂದು 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ತೋರಿಸಿದನು. ಆದರೆ ಮಾತು ಈ ಎರಡೇ ಕೋಣೆಗಳಲ್ಲಿ ಅಡಗಿಲ್ಲವೆಂದು ಈಗ ತಿಳಿದಿದೆ. ಕೇಳುವ, ನೆನೆಯುವ, ನಾಲಗೆಯನ್ನಾಡಿಸುವ ಭಾಗಗಳನ್ನೆಲ್ಲ ಹೆಣೆದ ನರತಂತುಗಳ ಬಲೆಯದು. ತುಳುವಿಗೊಂದು, ಕನ್ನಡಕ್ಕೊಂದು ಎಂದು ಬೇರೆ ಬೇರೆ ಉಗ್ರಾಣಗಳಿಲ್ಲ. ಬಹುಪಾಲು ಒಂದೇ ಬಲೆ ಎಲ್ಲಕ್ಕೂ ದುಡಿಯುತ್ತದೆ.

ಈ ಬಲೆಯ ಹೆಣಿಗೆ ಬಹು ಬೇಗ ಆರಂಭವಾಗುತ್ತದೆ. ಗರ್ಭದಲ್ಲಿಯೇ ಕೇಳಿದ ತಾಯಿಯ ದನಿಯನ್ನು ಶಿಶು ಹುಟ್ಟಿದ ಕೆಲವೇ ದಿನಗಳಲ್ಲಿ ಗುರುತಿಸುತ್ತದೆ. 'ಕತ್ತು', 'ಕಟ್ಟು' ಎಂಬಲ್ಲಿಯ ತಕಾರ ಟಕಾರಗಳ ಭೇದ ನಮಗೆ ಸಹಜ. ಇಂಗ್ಲಿಷನ್ನು ಮಾತ್ರ ಬಲ್ಲವರಿಗೆ ಕಷ್ಟ. ಆದರೆ ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಶಿಶುಗಳು ಹಿಂದಿಯ ಇಂಥದೇ ಭೇದವನ್ನು ಗುರುತಿಸಿದವೆಂದೂ, 10ರಿಂದ 12 ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹಳ ಕುಂದಿತ್ತೆಂದೂ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದರು. ಕಿವಿಗೆ ಬಿದ್ದುದನ್ನು ಮಿದುಳು ಉಳಿಸಿಕೊಳ್ಳುತ್ತದೆ, ಬೀಳದುದನ್ನು ಕಡೆಗಣಿಸುತ್ತದೆ.

ಇನ್ನು ಪದಗಳ ವಿಚಾರ. ಆಡುವ ಮಾತಿನಲ್ಲಿ ಬರವಣಿಗೆಯಂತೆ ಪದಪದಕ್ಕೂ ನಡುವೆ ತೆರಪಿಲ್ಲ. ಹಾಗಿದ್ದೂ 8 ತಿಂಗಳ ಶಿಶುಗಳು ಎರಡೇ ನಿಮಿಷ ಕೇಳಿದ ಕೃತಕ ಧ್ವನಿಮಾಲೆಯಲ್ಲಿ ಸದಾ ಜೊತೆಯಾಗಿ ಬರುವ ಅಕ್ಷರಗಳನ್ನು ಗುರುತು ಹಿಡಿದವೆಂದು ಜೆನ್ನಿ ಸಾಫ್ರನ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ತೊಟ್ಟಿಲ ಕೂಸು ಸುಮ್ಮನೆ ಮಲಗಿರುವುದಿಲ್ಲ, ಲೆಕ್ಕ ಹಾಕುತ್ತಿರುತ್ತದೆ.

ಹಾಗಾದರೆ ಹಲವು ಭಾಷೆಗಳು ಭಾರವೆ? ಕನ್ನಡದ 'ಇಲ್ಲ' ಅಭಾವವನ್ನು ಹೇಳುತ್ತದೆ. ತುಳುವಿನ 'ಇಲ್ಲ್' ಎಂದರೆ ಮನೆ. ನಮ್ಮೂರ ಮಗು ಇದರಿಂದ ದಿಕ್ಕೆಡುವುದಿಲ್ಲ. ಯಾರೊಡನೆ ಯಾವ ಮಾತೆಂಬುದನ್ನು ಅದು ಬೇಗನೆ ಅರಿಯುತ್ತದೆ. ಒಂದರ ನಡುವೆ ಇನ್ನೊಂದರ ಪದ ಬಂದರೆ ಅದು ಗೊಂದಲವಲ್ಲ, ನೆರೆಮನೆಯಿಂದ ತಂದ ಕೈಗಡ. ಒಂದೊಂದೇ ಭಾಷೆಯಲ್ಲಿ ಎಣಿಸಿದರೆ ಪದಗಳು ಕಡಿಮೆಯೆನಿಸಬಹುದು. ಎಲ್ಲವನ್ನೂ ಕೂಡಿಸಿದರೆ ಕೊರತೆ ಕಾಣದು. ವೃದ್ಧಾಪ್ಯದಲ್ಲಿಯೂ ಇದರಿಂದ ಲಾಭವಿರಬಹುದು. ಹೈದರಾಬಾದಿನಲ್ಲಿ ಮರೆವಿನ ರೋಗದ 648 ಮಂದಿಯನ್ನು ಪರಿಶೀಲಿಸಿದ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗವು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತೆಂದು 2013ರಲ್ಲಿ ವರದಿಮಾಡಿದರು. ಓದುಬರಹ ಬಾರದವರಲ್ಲಿಯೂ ಈ ಅಂತರ ಕಂಡಿತು. ಭಾಷೆಯೇ ಕಾರಣವೆಂದು ಇದರಿಂದ ಸಿದ್ಧವಾಗದಿದ್ದರೂ, ಹಲವು ಭಾಷೆಗಳಿಂದ ಹಾನಿಯೆಂಬ ಭಯಕ್ಕೆ ಇಲ್ಲಿ ಆಧಾರವಿಲ್ಲ.

ಹೀಗಿರುವಾಗ, ಮಗುವಿಗೆ ಇಂಗ್ಲಿಷ್ ಬರಲೆಂದು ಮನೆಯಲ್ಲಿ ಅರೆಭಾಷೆಯನ್ನೋ ತುಳುವನ್ನೋ ನಿಲ್ಲಿಸಿಬಿಡುವುದು ವ್ಯಸನದ ಸಂಗತಿ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಅದಕ್ಕಾಗಿ ಇನ್ನೊಂದನ್ನು ಹೊರದೂಡಬೇಕಾಗಿಲ್ಲ ಎಂದಷ್ಟೇ ನನ್ನ ವಾದ. ಅರೆಭಾಷೆಗೆಂದು 2011ರಲ್ಲಿ ಸರಕಾರವು ಅಕಾಡೆಮಿಯೊಂದನ್ನು ಸ್ಥಾಪಿಸಿದ್ದು ಸಂತೋಷದ ವಿಷಯ. ಅಕಾಡೆಮಿ ಪುಸ್ತಕವನ್ನು ಅಚ್ಚು ಹಾಕಿಸಬಲ್ಲುದು. ಹತ್ತು ತಿಂಗಳ ಕೂಸಿನ ಕಿವಿಗೆ ಮಾತನ್ನು ಹಾಕಬೇಕಾದವರು ಮನೆಯವರೇ. ಸಹಪಾಠಿಗಳೇ, ನಾಳೆ ಆ ಮನೆಯವರು ನಾವೇ ಆಗಲಿದ್ದೇವೆ.