ಟರ್ಬೊ ಕಾರಿನ ಎಂಜಿನ್ ಗಣಕ: ತಿದ್ದಿದರೆ ಏನಾಗುತ್ತದೆ?

ಎಂಜಿನಿನ ಒಂದು ಬೋಲ್ಟನ್ನೂ ಸಡಿಲಿಸದೆ, ಲ್ಯಾಪ್‌ಟಾಪ್ ಒಂದನ್ನು ಜೋಡಿಸಿ, ಸ್ವಲ್ಪ ಹೊತ್ತಿನಲ್ಲೇ ಕಾರಿನ ಸಾಮರ್ಥ್ಯವನ್ನು ಹೆಚ್ಚಿಸಿಕೊಡುತ್ತೇವೆ ಎನ್ನುವ ವರ್ಕ್‌ಶಾಪುಗಳ ಬಗ್ಗೆ ನೀವು ಕೇಳಿರಬಹುದು. ಇದು ಸಾಧ್ಯವೇ? ಟರ್ಬೊ ಇರುವ ಎಂಜಿನಾದರೆ ಖಂಡಿತ ಸಾಧ್ಯ. ಆದರೆ ಶಕ್ತಿ ನಿತ್ಯತೆಯ ನಿಯಮವನ್ನು ಓದಿದವರು ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಈ ಹೆಚ್ಚುವರಿ ಶಕ್ತಿ ಬಂದದ್ದು ಎಲ್ಲಿಂದ?

ಉತ್ತರ ಸರಳ. ಹೆಚ್ಚು ಗಾಳಿ, ಅದಕ್ಕೆ ತಕ್ಕಂತೆ ಹೆಚ್ಚು ಪೆಟ್ರೋಲ್. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಚಿಮ್ಮಿಸಬಹುದು, ಕಷ್ಟವಿರುವುದು ಗಾಳಿಯನ್ನು ತುಂಬುವುದರಲ್ಲಿ. ಸಾಮಾನ್ಯ ಎಂಜಿನ್ ವಾತಾವರಣದ ಒತ್ತಡದಲ್ಲಿ ಎಷ್ಟು ಗಾಳಿ ಸಿಗುತ್ತದೋ ಅಷ್ಟನ್ನೇ ಎಳೆದುಕೊಳ್ಳುತ್ತದೆ. ಅದರ ಗಣಕವನ್ನು ಎಷ್ಟು ತಿದ್ದಿದರೂ ಲಾಭ ಅಲ್ಪ. ಟರ್ಬೊ ಎಂಜಿನಿನಲ್ಲಿ ಹೊರಹೋಗುವ ಬಿಸಿ ಅನಿಲವು ಒಂದು ಟರ್ಬೈನನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಸಂಪೀಡಕವು ಗಾಳಿಯನ್ನು ಅದುಮಿ ಸಿಲಿಂಡರಿಗೆ ತಳ್ಳುತ್ತದೆ. ಒತ್ತಡ ಮಿತಿ ಮೀರದಂತೆ ಅನಿಲದ ಒಂದು ಭಾಗವನ್ನು ಟರ್ಬೈನಿನ ಪಕ್ಕದಿಂದ ಸಾಗಿಸುವ ಕವಾಟವೊಂದಿದೆ. ಮೆಕ್ಯಾನಿಕ್‌ಗಳು ಇದನ್ನು ವೇಸ್ಟ್‌ಗೇಟ್ ಎನ್ನುತ್ತಾರೆ. ಇದು ಯಾವಾಗ ತೆರೆಯಬೇಕೆಂದು ನಿರ್ಧರಿಸುವುದು ಗಣಕ. ಅಂದರೆ ಎಂಜಿನಿನೊಳಗೆ ಎಷ್ಟು ಗಾಳಿ ಹೋಗಬೇಕು ಎಂಬುದೇ ಇಲ್ಲಿ ಒಂದು ಸಂಖ್ಯೆ. ಸಂಖ್ಯೆ ಬದಲಾದರೆ ಗಾಳಿಯೂ ಬದಲಾಗುತ್ತದೆ.

ಒಂದು ನಿಜವಾದ ಎಂಜಿನನ್ನು ಎದುರಿಗಿಟ್ಟುಕೊಳ್ಳೋಣ. ಫೋಕ್ಸ್‌ವ್ಯಾಗನ್ ಸಮೂಹದ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ 1995ರಲ್ಲಿ ಆಡಿ ಎ4 ಕಾರಿನಲ್ಲಿ ಬಂದಿತು. ಮುಂದೆ ಸ್ಕೋಡಾ ಆಕ್ಟೇವಿಯಾದೊಂದಿಗೆ ಭಾರತಕ್ಕೂ ಬಂದಿತು. ಗಣಕ ತಿದ್ದುವವರಿಗೆ ಇದು ಅಚ್ಚುಮೆಚ್ಚಿನ ಎಂಜಿನ್. ಸಿಲಿಂಡರಿನ ವ್ಯಾಸ 81 ಮಿಲಿಮೀಟರ್. ಇದೇ ಎಂಜಿನ್ 150, 180, 225 ಅಶ್ವಶಕ್ತಿಗಳಲ್ಲಿ ಮಾರಾಟವಾಯಿತು. ಹಾಗೆಂದು ವ್ಯತ್ಯಾಸವೆಲ್ಲ ತಂತ್ರಾಂಶದ್ದೇ ಎಂದು ತಿಳಿಯಬಾರದು. 225ರ ಎಂಜಿನಿಗೆ ಇನ್ನೂ ದೊಡ್ಡ ಟರ್ಬೊ ಇತ್ತು. ಜಾಹೀರಾತುಗಳು ಈ ಮಾತನ್ನು ಸಾಮಾನ್ಯವಾಗಿ ನುಂಗಿಕೊಳ್ಳುತ್ತವೆ.

ಗಣಕದ ಸ್ಮೃತಿಯಲ್ಲಿರುವುದು ಬಹುಪಾಲು ಕೋಷ್ಟಕಗಳು. ನಿಮ್ಮ ಲಾಗರಿತಮ್ ಕೋಷ್ಟಕದಂತೆಯೇ ಎನ್ನಿ. ಮೇಲಿನ ಸಾಲಿನಲ್ಲಿ ಎಂಜಿನಿನ ವೇಗ, ಎಡಬದಿಯಲ್ಲಿ ಗಾಳಿಯ ಪ್ರಮಾಣ, ಎರಡೂ ಸೇರುವ ಮನೆಯಲ್ಲಿ ಒಂದು ಸಂಖ್ಯೆ. ಕಿಡಿ ಹಾರಿಸುವ ಕೋನಕ್ಕೆ ಒಂದು ಕೋಷ್ಟಕ, ಪೆಟ್ರೋಲಿಗೆ ಇನ್ನೊಂದು, ಟರ್ಬೊ ಒತ್ತಡಕ್ಕೆ ಮತ್ತೊಂದು. 3,000 ಸುತ್ತಿನ ಮನೆಯಲ್ಲಿ 20 ಡಿಗ್ರಿ, 4,000ದ ಮನೆಯಲ್ಲಿ 24 ಡಿಗ್ರಿ ಇದ್ದು ಎಂಜಿನ್ 3,400 ಸುತ್ತಿನಲ್ಲಿ ಓಡುತ್ತಿದ್ದರೆ ಗಣಕ 21.6 ಡಿಗ್ರಿ ಎಂದು ಲೆಕ್ಕ ಹಾಕುತ್ತದೆ. ಮಧ್ಯಂತರ ಬೆಲೆ ಕಂಡುಹಿಡಿಯುವ ಈ ಗಣಿತ ನಿಮಗೆ ಹೊಸದಲ್ಲ. ತಿದ್ದುವವರು ಮಾಡುವ ಕೆಲಸವೆಂದರೆ ಈ ಕೋಷ್ಟಕಗಳನ್ನು ಓದಿಕೊಂಡು, ಬದಲಾಯಿಸಿ, ಮರಳಿ ಬರೆಯುವುದು. ಹಿಂದೆ ಇದಕ್ಕಾಗಿ ಚಿಪ್ಪನ್ನೇ ಕಿತ್ತು ಬೇರೆ ಹಾಕುತ್ತಿದ್ದರು. ಈಗ ಸ್ಟಿಯರಿಂಗ್ ಕೆಳಗಿನ ಪರೀಕ್ಷಾ ಸಾಕೆಟ್ ಸಾಕಾಗುತ್ತದೆ.

ಒತ್ತಡ ಇಮ್ಮಡಿಯಾದರೆ ಗಾಳಿ ಇಮ್ಮಡಿಯೇ?

ಅಲ್ಲ. ಅದುಮಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿಯನ್ನು ಮುಟ್ಟಿ ನೋಡಿದವರಿಗೆ ಇದು ಗೊತ್ತು. 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್ ಇರುವ ಗಾಳಿಯ ಒತ್ತಡವನ್ನು ಇಮ್ಮಡಿಗೊಳಿಸೋಣ. ಸ್ಥಿರೋಷ್ಣ ಪ್ರಕ್ರಿಯೆಯ ಸೂತ್ರದಂತೆ ಉಷ್ಣತೆಯನ್ನು 2ರ 0.286ನೇ ಘಾತದಿಂದ, ಅಂದರೆ 1.22ರಿಂದ ಗುಣಿಸಬೇಕು. 366 ಕೆಲ್ವಿನ್ ಆಯಿತು. ಇದು ಆದರ್ಶ ಲೆಕ್ಕ. ಸಂಪೀಡಕದ ದಕ್ಷತೆ ಶೇಕಡ 70 ಇದ್ದರೆ ಏರಿಕೆ 66 ಕೆಲ್ವಿನ್ ಬದಲು ಸುಮಾರು 94 ಕೆಲ್ವಿನ್. ಗಾಳಿ 394 ಕೆಲ್ವಿನ್, ಅಂದರೆ 121 ಡಿಗ್ರಿ ಸೆಲ್ಸಿಯಸ್ ತಲಪುತ್ತದೆ. ಸಾಂದ್ರತೆ ಹೆಚ್ಚುವುದು ಎರಡು ಪಟ್ಟಲ್ಲ, 1.52 ಪಟ್ಟು ಮಾತ್ರ. ನಡುವೆ ಇಂಟರ್‌ಕೂಲರ್ ಇಟ್ಟು 330 ಕೆಲ್ವಿನ್‌ಗೆ ತಣಿಸಿದರೆ ಅದು 1.82 ಪಟ್ಟಾಗುತ್ತದೆ. ಟರ್ಬೊ ತನ್ನ ಮಿತಿ ಮೀರಿ ತಿರುಗಿದಾಗ ದಕ್ಷತೆ ಕುಸಿದು, ಒತ್ತಡಮಾಪಕದ ಮುಳ್ಳು ಏರಿದರೂ ಗಾಳಿ ಅಷ್ಟಾಗಿ ಹೆಚ್ಚುವುದಿಲ್ಲ. ಬಿಸಿ ಮಾತ್ರ ಹೆಚ್ಚುತ್ತದೆ.

ಎತ್ತರದ ಊರುಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಮಂಗಳೂರಿನಲ್ಲಿ ವಾತಾವರಣದ ಒತ್ತಡ 1.01 ಬಾರ್. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 0.91 ಬಾರ್. ಒಟ್ಟು 1.8 ಬಾರ್ ಮುಟ್ಟಲು ಮಂಗಳೂರಿನಲ್ಲಿ ಗಾಳಿಯನ್ನು 1.78 ಪಟ್ಟು ಅದುಮಬೇಕು, ಬೆಂಗಳೂರಿನಲ್ಲಿ 1.98 ಪಟ್ಟು.

ನಾಕಿಂಗ್ ಎಂಬ ಅಪಾಯ

ಕಿಡಿ ಹಾರಿದ ಕೂಡಲೇ ಮಿಶ್ರಣವೆಲ್ಲ ಸ್ಫೋಟಿಸುತ್ತದೆ ಎಂಬುದು ತಪ್ಪು ಕಲ್ಪನೆ. ಜ್ವಾಲೆ ಹರಡಲು ಎರಡು ಮೂರು ಮಿಲಿಸೆಕೆಂಡು ಬೇಕು. 3,000 ಸುತ್ತಿನ ವೇಗದಲ್ಲಿ ಕ್ರ್ಯಾಂಕ್ ದಂಡ ಒಂದು ಸೆಕೆಂಡಿಗೆ 18,000 ಡಿಗ್ರಿ ತಿರುಗುತ್ತದೆ. 2.5 ಮಿಲಿಸೆಕೆಂಡಿನಲ್ಲಿ 45 ಡಿಗ್ರಿ! ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸಬೇಕು. ಒಂದಷ್ಟು ಮುಂಚೆ ಹಾರಿಸಿದಂತೆ ಟಾರ್ಕ್ ಹೆಚ್ಚುತ್ತದೆ. ತಿದ್ದುವವರಿಗೆ ಆಸೆ ಹುಟ್ಟುವುದು ಇಲ್ಲಿ.

ಆದರೆ ಜ್ವಾಲೆ ಇನ್ನೂ ತಲಪದ ಮೂಲೆಯ ಮಿಶ್ರಣ ಅಷ್ಟರಲ್ಲಿ ಅದುಮಿಸಿಕೊಂಡು ಕಾಯುತ್ತಿರುತ್ತದೆ. ಅದು ತಾನಾಗಿ ಹೊತ್ತಿಕೊಂಡರೆ ಸಿಲಿಂಡರಿನೊಳಗೆ ಒತ್ತಡದ ಅಲೆಗಳು ಎದ್ದು ಗೋಡೆಯಿಂದ ಗೋಡೆಗೆ ಬಡಿಯುತ್ತವೆ. 81 ಮಿಲಿಮೀಟರ್ ಸಿಲಿಂಡರಿನಲ್ಲಿ ಈ ಬಡಿತದ ಆವೃತ್ತಿ 6ರಿಂದ 7 ಕಿಲೋಹರ್ಟ್ಸ್. ನಮಗೆ ಕೇಳುವ ‘ಕಟಕಟ’ ಸದ್ದು ಇದೇ. ಹಾನಿ ಮಾಡುವುದು ಬರಿಯ ಬಡಿತವಲ್ಲ. ಲೋಹದ ಮೇಲೆ ಅಂಟಿಕೊಂಡು ಅದನ್ನು ಕಾಪಾಡುವ ತೆಳುವಾದ ತಣ್ಣನೆಯ ಅನಿಲದ ಪದರವನ್ನು ಈ ಅಲೆಗಳು ಒರೆಸಿಹಾಕುತ್ತವೆ. ಜ್ವಾಲೆಯ ಉಷ್ಣತೆ 2,000 ಡಿಗ್ರಿಗೂ ಮೇಲೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಪಿಸ್ಟನ್ನಿನ ಅಂಚು ಏಕೆ ಸವೆದು ಮುರಿಯುತ್ತದೆ ಎಂಬುದನ್ನು ನೀವೇ ಊಹಿಸಬಹುದು.

ಎಂಜಿನಿನ ಮೈಗೆ ಬಿಗಿದ ಪೀಜೊ ವಿದ್ಯುತ್ ಹರಳು ಈ ಬಡಿತವನ್ನು ಗುರುತಿಸುತ್ತದೆ. ಆಗ ಗಣಕ ಕಿಡಿಯನ್ನು ಕೆಲವು ಡಿಗ್ರಿ ಹಿಂದಕ್ಕೆ ತಳ್ಳುತ್ತದೆ. ತಯಾರಕರು ಕೋಷ್ಟಕದಲ್ಲಿ ಸ್ವಲ್ಪ ಅಂತರ ಉಳಿಸಿರುವುದು ಸೋಮಾರಿತನದಿಂದಲ್ಲ. ಕಳಪೆ ಪೆಟ್ರೋಲ್, ಏಪ್ರಿಲ್ ತಿಂಗಳ ಕಲಬುರಗಿಯ ಬಿಸಿಲು, ಧೂಳು ತುಂಬಿದ ಇಂಟರ್‌ಕೂಲರ್, ಸವೆದ ಎಂಜಿನ್, ಎಲ್ಲವೂ ಒಟ್ಟಿಗೆ ಬಂದ ದಿನಕ್ಕೆ ಆ ಅಂತರ. ತಿದ್ದಿದಾಗ ಖರ್ಚಾಗುವುದು ಅದೇ. 100 ಆಕ್ಟೇನ್ ಪೆಟ್ರೋಲಿಗೆಂದು ಬರೆದ ಕೋಷ್ಟಕವಿರುವ ಕಾರಿಗೆ ದಾರಿಯಲ್ಲಿ 91 ಆಕ್ಟೇನಿನದನ್ನು ತುಂಬಿಸಿ ಘಟ್ಟ ಹತ್ತಿಸಿದರೆ ಉಳಿದಿರುವ ರಕ್ಷಣೆ ಆ ಹರಳೊಂದೇ.

ಬಲದ ಲೆಕ್ಕವನ್ನೂ ನೋಡಿ. 81 ಮಿಲಿಮೀಟರ್ ಪಿಸ್ಟನ್ನಿನ ತಲೆಯ ವಿಸ್ತೀರ್ಣ 51.5 ಚದರ ಸೆಂಟಿಮೀಟರ್. ಗರಿಷ್ಠ ಒತ್ತಡ 10 ಬಾರ್ ಹೆಚ್ಚಿದರೆ ಪ್ರತಿಯೊಂದು ಕನೆಕ್ಟಿಂಗ್ ರಾಡಿನ ಮೇಲೆ 5,150 ನ್ಯೂಟನ್, ಅಂದರೆ ಅರ್ಧ ಟನ್ನಿಗೂ ಹೆಚ್ಚಿನ ಹೊರೆ, ಪ್ರತಿ ದಹನದಲ್ಲೂ ಬೀಳುತ್ತದೆ. ಕ್ಲಚ್ಚು, ಗೇರ್‌ಬಾಕ್ಸುಗಳ ಗತಿಯೂ ಇಷ್ಟೆ.

ಇನ್ನೂ ಅಗ್ಗದ ದಾರಿಯೊಂದಿದೆ. ಸಂವೇದಕ ಮತ್ತು ಗಣಕದ ನಡುವೆ ಒಂದು ಪುಟ್ಟ ಪೆಟ್ಟಿಗೆಯನ್ನು ಸಿಕ್ಕಿಸುವುದು. ಒತ್ತಡ 1.8 ಬಾರ್ ಇದ್ದರೆ ಅದು 1.6 ಎಂದು ವರದಿ ಮಾಡುತ್ತದೆ. ಗಣಕ ಅದನ್ನು ನಂಬಿ ಇನ್ನಷ್ಟು ಒತ್ತಡ ಬೇಡುತ್ತದೆ. ನನಗೆ ಇದು ವೈದ್ಯರಿಗೆ ಜ್ವರವನ್ನು ಕಡಿಮೆ ಹೇಳಿದಂತೆ ಕಾಣುತ್ತದೆ. ಕೋಷ್ಟಕವನ್ನು ಸರಿಯಾಗಿ ತಿದ್ದಿದವನು ಒತ್ತಡದ ಜೊತೆಗೆ ಕಿಡಿ, ಪೆಟ್ರೋಲ್ ಎರಡನ್ನೂ ಹೊಂದಿಸಬಲ್ಲ. ಮೋಸಹೋದ ಗಣಕ ತಪ್ಪು ಮನೆಯಿಂದ ಸಂಖ್ಯೆ ಎತ್ತಿಕೊಳ್ಳುತ್ತದೆ.

ಹೊಗೆಯ ಪ್ರಶ್ನೆಯೂ ಇದೆ. ಪೂರ್ಣ ಹೊರೆಯಲ್ಲಿ ಸಿಲಿಂಡರನ್ನು ತಣ್ಣಗಿಡಲು ಅನುಪಾತವನ್ನು 12ರ ಹತ್ತಿರಕ್ಕೆ ಇಳಿಸಿ ಹೆಚ್ಚು ಪೆಟ್ರೋಲ್ ಕೊಡುವುದುಂಟು. ಆಗ ಪೂರ್ತಿ ಉರಿಯಲು ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಕೆಲವು ಸಂಖ್ಯೆಗಳು ಊರಿನ ಗಾಳಿಯನ್ನೇ ಕೆಡಿಸಬಲ್ಲವು ಎಂಬುದನ್ನು 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣ ತೋರಿಸಿತು. ಅಲ್ಲಿ ಆಟವಾಡಿದ್ದು ತಯಾರಕರೇ. ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸುವ ತಂತ್ರಾಂಶವನ್ನು ವಿಶ್ವದಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಇಡಲಾಗಿತ್ತು. ಭಾರತದಲ್ಲಿ ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು.

ಏನನ್ನೂ ತಿದ್ದದೆ ಗಣಕ ಹೇಗೆ ಯೋಚಿಸುತ್ತದೆಂದು ನೋಡುವ ಆಸಕ್ತಿಯಿದ್ದರೆ ಪರೀಕ್ಷಾ ಸಾಕೆಟ್ಟಿಗೆ ಸಿಕ್ಕಿಸುವ ಓದುಪಟ್ಟಿ ಉಪಕರಣಗಳು ಅಗ್ಗವಾಗಿ ಸಿಗುತ್ತವೆ. ಈಚಿನ ಬಹುತೇಕ ಕಾರುಗಳಲ್ಲಿ ಒಳಬರುವ ಗಾಳಿಯ ಉಷ್ಣತೆ, ಎಂಜಿನ್ ವೇಗ, ಕಿಡಿಯ ಕೋನಗಳನ್ನು ಮೊಬೈಲಿನಲ್ಲಿ ದಾಖಲಿಸಬಹುದು. ಒಂದೇ ಏರುದಾರಿಯಲ್ಲಿ ಬೆಳಗಿನ ತಂಪಿನಲ್ಲೊಮ್ಮೆ, ಮಧ್ಯಾಹ್ನದ ಬಿಸಿಲಿನಲ್ಲೊಮ್ಮೆ ಬೇರೆಯವರು ಕಾರು ಓಡಿಸುವಾಗ ದಾಖಲಿಸಿ, ಎರಡನ್ನೂ ಒಂದೇ ಗ್ರಾಫ್ ಹಾಳೆಯ ಮೇಲೆ ಎಳೆದು ನೋಡಿ. ಬಿಸಿಲಿನ ಓಟದಲ್ಲಿ ಕಿಡಿ ಎಷ್ಟು ಡಿಗ್ರಿ ಹಿಂದೆ ಸರಿದಿದೆ?