ಅಲ್ಪ ಬಂಡವಾಳದ ಚಿತ್ರಪಟಗಳು

ಚಿತ್ರಪಟವೆಂದರೆ ಸಿರಿವಂತರ ಸಾಹಸವೆಂಬ ನಂಬುಗೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಕವಿತೆಗೆ ಕಾಗದ ಸಾಕು, ಬಯಲಾಟಕ್ಕೆ ಜಾತ್ರೆಯ ಬಯಲು ಸಾಕು. ಚಿತ್ರಪಟಕ್ಕಾದರೋ ಯಂತ್ರ, ತಾರೆ, ಹಂಚಿಕೆದಾರ ಎಲ್ಲರೂ ಬೇಕು. 1970ರ ‘ಸಂಸ್ಕಾರ’ವು ಈ ನಂಬುಗೆಯನ್ನು ಅಲುಗಿಸಿತು. ಡಿಜಿಟಲ್ ಕ್ಯಾಮರಾ ಬಂದು ಫಿಲ್ಮಿನ ಸುರುಳಿಯ ವೆಚ್ಚವೇ ತಪ್ಪಿತು. ಪವನ್ ಕುಮಾರರು ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿ ತೆಗೆದ ‘ಲೂಸಿಯಾ’ 2013ರಲ್ಲಿ ತೆರೆಕಂಡಿತು.

ಆದರೆ ಅಗ್ಗವೆಂಬುದೇ ಗುಣವಲ್ಲ. ಸರಕಾರದ ಸಹಾಯಧನದ ಮೇಲೆ ಕಣ್ಣಿಟ್ಟು ಹೊರಬಂದ ನಿರ್ಜೀವ ಚಿತ್ರಗಳೂ ಕನ್ನಡದಲ್ಲಿ ಉಂಟು. ಚಿಕ್ಕ ಚಿತ್ರದ ನಿಜವಾದ ಬಂಡವಾಳ ಬೇರೆ. ಅದು ಊರಿನ ಬಾಯಲ್ಲಿರುವ ಮಾತು. ರಾಮ್ ರೆಡ್ಡಿಯವರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ನಿಲ್ಲಿಸಿ ‘ತಿಥಿ’ಯನ್ನು ತೆಗೆದರು, 2015ರಲ್ಲಿ ಅದು ಲೊಕಾರ್ನೊ ಉತ್ಸವದಲ್ಲಿ ಮನ್ನಣೆ ಪಡೆಯಿತು.

ನಮ್ಮ ಸೀಮೆಗೆ ಇನ್ನೂ ಹತ್ತಿರವಾದುದು ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ನಡೆಯುವ ಈ ಕಥೆಯ ನಾಯಿಕೆ, ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು. ಹಾಸಿಗೆ ಹಿಡಿದ ಗಂಡ, ಬೆಳೆದ ಮಕ್ಕಳು, ಸಾಲದ ಹೊರೆ. ಇದ್ದ ಹಣವನ್ನೆಲ್ಲ ಹಾಕಿ ಆಕೆ ಶಕ್ತಿವರ್ಧಕ ಪುಡಿಯೊಂದನ್ನು ನೆರೆಹೊರೆಯವರಿಗೆ ಮಾರಲು ಹೊರಡುತ್ತಾಳೆ. ಅವಳನ್ನು ಮೂರ್ಖಳೆಂದು ನಗುವುದೂ ಇಲ್ಲ, ದೇವತೆಯೆಂದು ಪೂಜಿಸುವುದೂ ಇಲ್ಲ. ಆಸೆಯುಳ್ಳ ಮನುಷ್ಯಳೆಂದು ಕಾಣುವುದೇ ಚಿತ್ರದ ದೊಡ್ಡತನ. ಅಡಿಗೆಯವನ ಬಾಯಿಗೋ ವಿದೂಷಕನ ಬಾಯಿಗೋ ಮೀಸಲಾಗಿದ್ದ ಉತ್ತರ ಕರ್ನಾಟಕದ ನುಡಿ ಇಲ್ಲಿ ದುಃಖಕ್ಕೂ ಹಟಕ್ಕೂ ಒದಗಿತು.

ಇಂಡಿಯವರಿಗೆ ಇದು ಅಪರಿಚಿತ ಮಾರ್ಗವಲ್ಲ. ಆಗ ಇದೇ ತಾಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕಲ್ಲಿನ ಮುಂದಿನ ಹಾಡುಗಳಿಗೆ ಕಿವಿಗೊಟ್ಟರು. 1931ರಲ್ಲಿ ‘ಗರತಿಯ ಹಾಡು’ ಹೊರಬಂದಿತು. ಅವರಲ್ಲಿ ಹಣವೆಲ್ಲಿತ್ತು? ಕೇಳುವ ತಾಳ್ಮೆಯಿತ್ತು. 2024ರಲ್ಲಿ ಕ್ಯಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನ ಪಡೆದ ಚಿದಾನಂದ ಎಸ್. ನಾಯಕರ ಕಿರುಚಿತ್ರವೂ ಹುಂಜವನ್ನು ಕದ್ದ ಮುದುಕಿಯ ಜನಪದ ಕಥೆಯಿಂದಲೇ ಹುಟ್ಟಿದುದು. ಚಿತ್ರೀಕರಣಕ್ಕೆ ಹಿಡಿದದ್ದು ನಾಲ್ಕೇ ದಿನ.

ಹಾಗಾದರೆ ತೊಡಕೆಲ್ಲಿ? ತೆಗೆಯುವುದರಲ್ಲಿ ಅಲ್ಲ, ತೋರಿಸುವುದರಲ್ಲಿ. ‘ಶಿವಮ್ಮ’ ದಕ್ಷಿಣ ಕೊರಿಯದ ಬೂಸಾನಿನಲ್ಲಿ 2022ರ ಅಕ್ಟೋಬರದಲ್ಲಿಯೇ ಪ್ರಶಸ್ತಿ ಪಡೆಯಿತು. ಕನ್ನಡ ನಾಡಿನ ಚಿತ್ರಮಂದಿರಗಳಿಗೆ ಬಂದದ್ದು 2024ರ ಜೂನಿನಲ್ಲಿ. ನಮ್ಮ ಭಾಷೆಯ ಚಿತ್ರವನ್ನು ಕೊರಿಯದವರು ಉಪಶೀರ್ಷಿಕೆ ಓದಿ ನೋಡಿ ಮೆಚ್ಚಿದ ಇಪ್ಪತ್ತು ತಿಂಗಳ ಮೇಲೆ ನಮಗೆ ಅದರ ಬಾಗಿಲು ತೆರೆಯಿತು! ಬಂದ ಮೇಲಾದರೂ ಇಂಥ ಚಿತ್ರಗಳು ದೊಡ್ಡ ಪಟ್ಟಣಗಳಲ್ಲಿ ಒಂದೆರಡು ವಾರ ನಿಂತರೆ ಹೆಚ್ಚು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ಕಾಲೇಜುಗಳಿವೆ, ಸಭಾಭವನಗಳಿವೆ. ನಿರ್ಮಾಪಕರ ಒಪ್ಪಿಗೆ ಪಡೆದು ತಿಂಗಳಿಗೊಂದು ಶನಿವಾರ ಸಂಜೆ ಬಿಳಿಯ ಪರದೆ ಕಟ್ಟಲು ಒಬ್ಬ ಉತ್ಸಾಹಿ ಅಧ್ಯಾಪಕ, ಹತ್ತು ಮಂದಿ ವಿದ್ಯಾರ್ಥಿಗಳು ಸಾಕು. ಚಿತ್ರ ಮುಗಿದ ಮೇಲೆ ನಿರ್ದೇಶಕನನ್ನು ಕರೆಯಿಸಿ ಪ್ರಶ್ನೆ ಕೇಳಬಹುದು. ಮುಂದಿನ ಸಾಲಿನಲ್ಲಿ ಬಿಸಿಯೂಟದ ತಾಯಂದಿರನ್ನು ಕೂರಿಸಲು ಮರೆಯಬಾರದು.